ಪಾಸ್‌ವರ್ಡ್ ಮ್ಯಾನೇಜರ್ ಆರಿಸುವುದು, ಲೀಕ್ ಆಗಿದೆಯಾ ನೋಡುವುದು: ಯಾವುದು ಮೊದಲು, ಯಾವುದು ಆಮೇಲೆ

ಪಾಸ್‌ವರ್ಡ್ ಮ್ಯಾನೇಜರ್ ಅಂದರೆ ನಿಮ್ಮ ಎಲ್ಲ ಪಾಸ್‌ವರ್ಡ್‌ಗಳನ್ನು ಒಂದೇ ಬೀಗದೊಳಗೆ ಇಟ್ಟು, ಬೇಕಾದಾಗ ತಾನೇ ತುಂಬುವ ಆ್ಯಪ್. ಅದನ್ನು ಇನ್‌ಸ್ಟಾಲ್ ಮಾಡೋದು ಐದು ನಿಮಿಷದ ಕೆಲಸ. ಆದರೂ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಅದನ್ನು ಹಾಕಿಕೊಂಡ ಎಷ್ಟೋ ಜನ ಸ್ವಲ್ಪ ದಿನದಲ್ಲೇ ಮತ್ತೆ ಹಳೇ ಡೈರಿಗೆ ಬಂದಿರುತ್ತಾರೆ. ಯಾಕೆ ಅಂದರೆ, ‘ಓಪನ್ನೇ ಆಗಲಿಲ್ರಿ, ಪಾಸ್‌ವರ್ಡ್ ತಪ್ಪು ಅಂತ ತೋರಸ್ತೈತಿ’ ಅನ್ನುತ್ತಾರೆ.

ಇಲ್ಲಿ ಆ್ಯಪ್‌ನ ತಪ್ಪು ಕಡಿಮೆ. ಕೆಲಸಗಳು ಹಿಂದುಮುಂದಾಗಿರುತ್ತವೆ, ಅಷ್ಟೇ. 2025ರ ಜೂನ್‌ನಲ್ಲಿ ‘1600 ಕೋಟಿ ಪಾಸ್‌ವರ್ಡ್ ಲೀಕ್’ ಅಂತ ಸುದ್ದಿ ಬಂತಲ್ವಾ, ಆಗಲೂ ಹಾಗೇ ಆಯಿತು. ಅದು ಒಂದೇ ಕಂಪನಿಯಿಂದ ಕದ್ದದ್ದಲ್ಲ. ವೈರಸ್ ಹತ್ತಿದ ಕಂಪ್ಯೂಟರ್‌ಗಳಿಂದ ಬೇರೆ ಬೇರೆ ಕಾಲದಲ್ಲಿ ಕದ್ದ ಪಟ್ಟಿಗಳೇ ಅದರಲ್ಲಿ ಜಾಸ್ತಿ ಇದ್ದವು. ಸುದ್ದಿ ನೋಡಿದವರು ಗಾಬರಿಬಿದ್ದು ಸಿಕ್ಕ ಸಿಕ್ಕ ಪಾಸ್‌ವರ್ಡ್ ಬದಲಿಸಿದರು. ಮರುದಿನ ಹೊಸದು ನೆನಪಿರಲಿಲ್ಲ. ‘ಫರ್ಗಾಟ್’ ಒತ್ತಿದರೆ ಒಟಿಪಿ ಹೋಗಿದ್ದು ಯಾವತ್ತೋ ಬಂದ್ ಆದ ನಂಬರ್‌ಗೆ.

ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಲೀಕ್ ನೋಡುವ ಹಂತ ಆರನೆಯದು. ಕುತೂಹಲ ತಡೆಯೋಕೆ ಆಗದಿದ್ದರೆ ಬೇಕಾದರೆ ಈಗಲೇ ನೋಡಿ. ಆದರೆ ಮೊದಲ ನಾಲ್ಕು ಹಂತ ಮುಗಿಯುವವರೆಗೆ ಯಾವ ಪಾಸ್‌ವರ್ಡನ್ನೂ ಬದಲಿಸಬೇಡಿ.

ಕೈಯಲ್ಲಿ ಏನಿರಬೇಕು

ನಿಮ್ಮದೇ ಫೋನ್ ಬೇಕು, ಅದಕ್ಕೆ ಸ್ಕ್ರೀನ್ ಲಾಕ್ ಇರಬೇಕು. ರೀಚಾರ್ಜ್ ಇರುವ ಸಿಮ್, ಒಂದು ಬಿಳಿ ಹಾಳೆ, ಒಂದು ಪೆನ್ನು. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಕೆಲಸ ಹಗುರ, ಇಲ್ಲದಿದ್ದರೂ ನಡೆಯುತ್ತದೆ. ಆನ್‌ಲೈನ್ ಸೆಂಟರ್ ಕಂಪ್ಯೂಟರ್, ಆಫೀಸಿನಲ್ಲಿ ನಾಲ್ಕು ಜನ ಕೂರುವ ಕಂಪ್ಯೂಟರ್ ಮಾತ್ರ ಬೇಡ. ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟವೂ ಬೇಡ. ಮೊದಲ ನಾಲ್ಕು ಹಂತ ಒಂದು ಭಾನುವಾರ, ಉಳಿದದ್ದು ಆ ವಾರದಲ್ಲಿ ನಿಧಾನಕ್ಕೆ.

ಹಂತ 1: ರಿಕವರಿ ನಂಬರ್ ಯಾರದ್ದು, ನೋಡಿ

ನಮ್ಮ ಕಡೆ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಸ್ಕಾಲರ್‌ಶಿಪ್ ಅರ್ಜಿಗೋ, ಕೆಇಎ ಅರ್ಜಿಗೋ, ಸೇವಾ ಸಿಂಧು ಕೆಲಸಕ್ಕೋ ಆನ್‌ಲೈನ್ ಸೆಂಟರ್‌ಗೆ ಹೋಗಿರುತ್ತೀರಿ. ‘ಇಮೇಲ್ ಇದೆಯಾ?’ ಅಂದಾಗ ‘ಇಲ್ಲ’ ಅಂದಿರುತ್ತೀರಿ. ಅಲ್ಲಿಯ ಹುಡುಗ ಎರಡು ನಿಮಿಷದಲ್ಲಿ ಒಂದು ಜಿಮೇಲ್ ಮಾಡಿಕೊಟ್ಟಿರುತ್ತಾನೆ. ಪಾಸ್‌ವರ್ಡ್ ನಿಮ್ಮ ಹೆಸರಿನ ಮುಂದೆ @123. ಅವಸರದಲ್ಲಿ, ಪಾಸ್‌ವರ್ಡ್ ಮರೆತಾಗ ಒಟಿಪಿ ಬರುವ ರಿಕವರಿ ನಂಬರ್ ಜಾಗಕ್ಕೆ ತನ್ನದೇ ನಂಬರ್ ಹಾಕಿರುತ್ತಾನೆ. ಅವನಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ಸಾಲು ನಿಂತಿರುತ್ತದೆ. ಆದರೆ ಆ ಇಮೇಲ್‌ನ ನಿಜವಾದ ಯಜಮಾನ ಇವತ್ತಿಗೂ ಅವನೇ.

ಜಿಮೇಲ್ ತೆರೆಯಿರಿ. ಬಲಮೂಲೆಯ ನಿಮ್ಮ ಚಿತ್ರ ಒತ್ತಿ, ಗೂಗಲ್ ಖಾತೆಗೆ ಹೋಗಿ, ಭದ್ರತೆ ವಿಭಾಗ ನೋಡಿ. ರಿಕವರಿ ಫೋನ್, ರಿಕವರಿ ಇಮೇಲ್ ಎರಡೂ ನಿಮ್ಮ ಕೈಯಲ್ಲಿ ಇರುವವೇ ಆಗಿರಬೇಕು. ಹಳೇ ನಂಬರ್ ಕಂಡರೆ ಈಗಲೇ ತೆಗೆಯಿರಿ. ರೀಚಾರ್ಜ್ ಮಾಡದೆ ಬಿಟ್ಟ ಸಿಮ್ ಬಂದ್ ಆಗಿ, ಸ್ವಲ್ಪ ಕಾಲದ ಮೇಲೆ ಅದೇ ನಂಬರ್ ಬೇರೆಯವರಿಗೆ ಹೋಗುತ್ತದೆ. ಆಗ ನಿಮ್ಮ ಒಟಿಪಿ ಯಾರೋ ಗುರುತಿಲ್ಲದವರ ಫೋನ್‌ಗೆ ಹೋಗುತ್ತಿರುತ್ತದೆ.

ಅದೇ ಪುಟದಲ್ಲಿ ‘ನಿಮ್ಮ ಸಾಧನಗಳು’ ಅನ್ನುವ ಪಟ್ಟಿ ಇದೆ. ನಿಮಗೆ ಗೊತ್ತಿಲ್ಲದ ವಿಂಡೋಸ್ ಕಂಪ್ಯೂಟರ್ ಕಂಡರೆ ಅದನ್ನು ಸೈನ್ ಔಟ್ ಮಾಡಿ. ಸೆಂಟರ್‌ನ ಕ್ರೋಮ್‌ನಲ್ಲಿ ಖಾತೆ ತೆರೆದು ಸಿಂಕ್ ಆನ್ ಮಾಡಿದ್ದರೆ, ನಿಮ್ಮ ಫೋನ್‌ನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳು ಆ ಕಂಪ್ಯೂಟರ್‌ಗೂ ಇಳಿದಿರುತ್ತವೆ.

ಹಂತ 2: ಫೋನ್, ಕಂಪ್ಯೂಟರ್ ಚೊಕ್ಕ ಮಾಡಿ

ವೈರಸ್ ಕೂತ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹಳೆಯದರ ಜೊತೆ ಹೊಸದೂ ಹೋಗುತ್ತದೆ. ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳನ್ನು ಒಟ್ಟಿಗೆ ಎತ್ತಿಕೊಂಡು ಹೋಗುವ ವೈರಸ್‌ಗಳೇ ಇವೆ. ಅವು ಬರುವ ದೊಡ್ಡ ದಾರಿ ಅಂದರೆ ಪುಕ್ಕಟೆ ಸಿಗುವ ಕ್ರ್ಯಾಕ್ ಸಾಫ್ಟ್‌ವೇರ್. ಡಿಟಿಪಿ ಅಂಗಡಿಯವರು, ಮದುವೆ ಆಲ್ಬಂ ಮಾಡುವವರು ಇದನ್ನು ಓದಿ ಸ್ವಲ್ಪ ಮುಜುಗರಪಟ್ಟುಕೊಂಡರೂ ಪರವಾಗಿಲ್ಲ. ಕ್ರ್ಯಾಕ್ ಮಾಡಿದ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಇರುವ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ವಿಂಡೋಸ್ ಆದರೆ ಅದರಲ್ಲೇ ಇರುವ ಡಿಫೆಂಡರ್ ತೆರೆದು ಫುಲ್ ಸ್ಕ್ಯಾನ್ ಹಾಕಿ, ಚಾರ್ಜರ್ ಚುಚ್ಚಿಟ್ಟು ಊಟಕ್ಕೆ ಹೋಗಿ. ಬ್ರೌಸರ್ ಎಕ್ಸ್‌ಟೆನ್ಷನ್‌ಗಳಲ್ಲಿ ನೀವು ಹಾಕದ್ದು ಇದ್ದರೆ ಕಿತ್ತುಹಾಕಿ. ಫೋನ್‌ನಲ್ಲಿ, ‘ಆರ್‌ಟಿಒ ಚಲನ್’, ‘ಮದುವೆ ಆಮಂತ್ರಣ’ ಅಂತ ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕುವ ಫೈಲ್) ಯಾವತ್ತಾದರೂ ಒತ್ತಿದ್ದೀರಾ? ಹೌದು ಅಂದರೆ ಸುಮ್ನೆ ಆ್ಯಪ್ ತೆಗೆದರೆ ಸಾಲದು. ಫೋಟೋ, ಕಾಂಟ್ಯಾಕ್ಟ್ ಬ್ಯಾಕಪ್ ಮಾಡಿ ಫೋನ್ ರೀಸೆಟ್ ಮಾಡಿಸಿ, ಆಮೇಲೆ ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಮ್ಯಾನೇಜರ್ ಆರಿಸಿ

‘ಯಾವುದು ಬೆಸ್ಟ್?’ ಅಂತ ಕೇಳುವ ಬದಲು ‘ನಾನು ಮರೆತರೆ ಏನಾಗುತ್ತದೆ, ನಾಳೆ ಇದನ್ನು ಬಿಡಬೇಕು ಅಂದರೆ ಹೊರಗೆ ಬರಬಹುದಾ?’ ಅಂತ ಕೇಳಿ. 2025ರಲ್ಲಿ ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಅನ್ನುವ ಆ್ಯಪ್ ಪಾಸ್‌ವರ್ಡ್ ತುಂಬುವ ಕೆಲಸವನ್ನು ಜುಲೈನಲ್ಲಿ ನಿಲ್ಲಿಸಿತು. ಆಗಸ್ಟ್‌ನಿಂದ ಅದರಲ್ಲಿ ಇಟ್ಟ ಪಾಸ್‌ವರ್ಡ್ ಕಾಣುವುದೇ ನಿಂತಿತು. ದೊಡ್ಡ ಕಂಪನಿ ಅನ್ನುವ ಒಂದೇ ಕಾರಣಕ್ಕೆ ನಂಬಬೇಡಿ. ಎಕ್ಸ್‌ಪೋರ್ಟ್ (ಪಾಸ್‌ವರ್ಡ್‌ಗಳನ್ನೆಲ್ಲ ಒಟ್ಟಿಗೆ ಹೊರಗೆ ತೆಗೆಯುವ ಆಯ್ಕೆ) ಇದೆಯಾ ನೋಡಿ. ಇಲ್ಲದಿದ್ದರೆ ಆ ಆ್ಯಪ್ ಬೇಡವೇ ಬೇಡ.

*ಬರೀ ಆಂಡ್ರಾಯ್ಡ್ ಫೋನ್, ಬರೀ ಕ್ರೋಮ್ ಬಳಸುವವರಿಗೆ:* ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ಸಾಕು. ಹೊಸ ಆ್ಯಪ್ ಬೇಡ, ಹೊಸ ಮಾಸ್ಟರ್ ಪಾಸ್‌ವರ್ಡ್ (ಮ್ಯಾನೇಜರನ್ನೇ ತೆರೆಯುವ ಪಾಸ್‌ವರ್ಡ್) ಬೇಡ, ಲೀಕ್ ನೋಡುವ ವ್ಯವಸ್ಥೆಯೂ ಒಳಗೇ ಇದೆ. ತೊಂದರೆ ಒಂದೇ: ಗೂಗಲ್ ಖಾತೆ ಹೋದರೆ ಎಲ್ಲ ಹೋದಂತೆ. ಹಂತ 1ರ ಕೆಲಸ ಸರಿಯಾಗಿ ಆಗಿರಲೇಬೇಕು. ಫೋನ್ ಪಿನ್ ಮನೆಮಂದಿಗೆಲ್ಲ ಗೊತ್ತಿದ್ದರೆ ಪಾಸ್‌ವರ್ಡ್‌ಗಳೂ ಗೊತ್ತಿದ್ದ ಹಾಗೇ, ಅದೂ ನೆನಪಿರಲಿ. ಐಫೋನ್ ಇರುವವರಿಗೆ ಇದೇ ಜಾಗದಲ್ಲಿ ಆಪಲ್‌ನ ‘ಪಾಸ್‌ವರ್ಡ್ಸ್’ ಆ್ಯಪ್ ಇದೆ. ಅದು ಐಒಎಸ್ 18ರಿಂದ ಫೋನ್ ಜೊತೆಗೇ ಬರುತ್ತದೆ.

*ಫೋನ್ ಜೊತೆ ಲ್ಯಾಪ್‌ಟಾಪ್, ಅದರಲ್ಲಿ ಎರಡು ಮೂರು ಬ್ರೌಸರ್ ಇರುವವರಿಗೆ:* ಬಿಟ್‌ವಾರ್ಡನ್. ಇದರ ಕೋಡ್ ಎಲ್ಲರೂ ನೋಡುವಂತೆ ತೆರೆದಿದೆ. ಪುಕ್ಕಟೆ ಖಾತೆಯಲ್ಲೂ ಪಾಸ್‌ವರ್ಡ್‌ಗಳಿಗೆ ಮಿತಿ ಇಲ್ಲ, ಸಾಧನಗಳಿಗೂ ಮಿತಿ ಇಲ್ಲ. ಒಮ್ಮೆ ತೆರೆದಿದ್ದ ಫೋನ್‌ನಲ್ಲಿ ನೆಟ್ ಇಲ್ಲದಾಗಲೂ ಪಾಸ್‌ವರ್ಡ್ ನೋಡಬಹುದು. ದೇವದುರ್ಗ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಬಂದು ಹೋಗುವುದು ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ. ಪ್ರೋಟಾನ್ ಪಾಸ್ ಕೂಡ ಇದೇ ಸಾಲಿನದು, ಅದಕ್ಕೂ ಪುಕ್ಕಟೆ ಖಾತೆ ಇದೆ. ಒನ್‌ಪಾಸ್‌ವರ್ಡ್ ಚೆನ್ನಾಗಿದೆ, ಆದರೆ ದುಡ್ಡು ಕೊಡಲೇಬೇಕು.

*ಯಾವ ಕಂಪನಿಯ ಸರ್ವರ್‌ನಲ್ಲೂ ಇಡಲ್ಲ ಅನ್ನುವವರಿಗೆ:* ಕಂಪ್ಯೂಟರ್‌ಗೆ ಕೀಪಾಸ್‌ಎಕ್ಸ್‌ಸಿ, ಆಂಡ್ರಾಯ್ಡ್‌ಗೆ ಕೀಪಾಸ್‌ಡಿಎಕ್ಸ್. ಎಲ್ಲ ಪಾಸ್‌ವರ್ಡ್ ಒಂದೇ ಲಾಕ್ ಆದ ಫೈಲ್‌ನಲ್ಲಿ ನಿಮ್ಮ ಹತ್ತಿರವೇ ಇರುತ್ತದೆ. ಫೋನ್ ಕಾಲುವೆಗೆ ಬಿದ್ದರೆ ಫೈಲೂ ಅದರ ಜೊತೆ ಹೋಯಿತು. ಪೆನ್‌ಡ್ರೈವ್‌ಗೆ ಆಗಾಗ ಕಾಪಿ ಮಾಡುವ ಅಭ್ಯಾಸ ಇದ್ದರೆ ಮಾತ್ರ ಇದು. ಫೋಟೋ ಬ್ಯಾಕಪ್ಪೇ ಮಾಡದವರು ಈ ಕಡೆ ಬರಬೇಡಿ.

*ಊರಲ್ಲಿರುವ ಅಪ್ಪ ಅಮ್ಮನಿಗೆ:* ಅವರಿಗೆ ಇರುವುದು ಒಂದು ಜಿಮೇಲ್, ಒಂದು ಬ್ಯಾಂಕ್ ಆ್ಯಪ್ ಅಂದರೆ ಯಾವ ಮ್ಯಾನೇಜರೂ ಬೇಡ. ಬೀರುವಿನಲ್ಲಿ ಇಟ್ಟ ಡೈರಿಯೇ ಒಳ್ಳೆಯದು. ಕದಿಯಬೇಕು ಅಂದರೆ ಕಳ್ಳ ಮನೆಗೇ ಬರಬೇಕು. ಎಲ್ಲರಿಗೂ ಆ್ಯಪ್ ಹಾಕಿಕೊಡುವ ಉಮೇದಿನಲ್ಲಿ ಅವರನ್ನು ಅವರದೇ ಖಾತೆಯಿಂದ ಹೊರಗೆ ಹಾಕಬೇಡಿ.

ಇಳಿಸಿಕೊಳ್ಳುವಾಗ ಎಚ್ಚರ. ಪ್ಲೇ ಸ್ಟೋರ್‌ನಲ್ಲಿ ಹುಡುಕಿದಾಗ ಮೇಲೆ ಮೊದಲು ಬರುವುದು ಜಾಹೀರಾತು ಆಗಿರಬಹುದು. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಕಂಪನಿ ಹೆಸರು ಓದಿ. 2024ರ ಫೆಬ್ರವರಿಯಲ್ಲಿ ಆಪಲ್‌ನ ಆ್ಯಪ್ ಸ್ಟೋರ್‌ನಲ್ಲೇ ಲಾಸ್ಟ್‌ಪಾಸ್ ಅನ್ನುವ ಪಾಸ್‌ವರ್ಡ್ ಮ್ಯಾನೇಜರ್ ಬದಲು ‘ಲಾಸ್‌ಪಾಸ್’ ಅನ್ನುವ ನಕಲಿ ಆ್ಯಪ್ ಸಿಕ್ಕಿತ್ತು. ಒಂದಕ್ಷರ ವ್ಯತ್ಯಾಸ, ಅವಸರದಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಹಂತ 4: ಮಾಸ್ಟರ್ ಪಾಸ್‌ವರ್ಡ್, ಮತ್ತು ಒಂದು ಹಾಳೆ

ಗೂಗಲ್ ಅಥವಾ ಆಪಲ್ ಆರಿಸಿದವರಿಗೆ ಅವರ ಖಾತೆಯ ಪಾಸ್‌ವರ್ಡೇ ಮಾಸ್ಟರ್. ಬೇರೆಯವರು ಹೊಸದು ಮಾಡಬೇಕು. ಬಿಟ್‌ವಾರ್ಡನ್‌ನಲ್ಲಿ ಇದು ಮರೆತರೆ ಕಂಪನಿಯೂ ತೆಗೆದುಕೊಡಲು ಆಗುವುದಿಲ್ಲ. ಕಸ್ಟಮರ್ ಕೇರ್‌ಗೆ ಎಷ್ಟು ಬೇಡಿಕೊಂಡರೂ ಅವರ ಹತ್ತಿರ ಅದು ಇಲ್ಲವೇ ಇಲ್ಲ.

ಮೊದಲು ಏನು ಇಡಬಾರದು ಅನ್ನುವುದು. ನಮ್ಮ ಕಡೆಯ ಪಾಸ್‌ವರ್ಡ್‌ಗಳಿಗೆ ಒಂದು ಅಚ್ಚು ಇದೆ: ದೇವರ ಹೆಸರು, ಊರಿನ ಹೆಸರು, ಗಾಡಿ ನಂಬರ್, ಪಿನ್‌ಕೋಡ್. ಹುಲಿಗೆಮ್ಮ@123, ದುರ್ಗಮ್ಮ@34, ಗವಿಸಿದ್ಧ1234, ಕೆಎ36 ಮುಂದೆ ಬೈಕ್ ನಂಬರ್, ರಾಯಚೂರು@584101. ಬಳ್ಳಾರಿಯನ್ನು ಹಳೇ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಬರೆದರೆ ಯಾರಿಗೂ ಗೊತ್ತಾಗಲ್ಲ ಅಂದುಕೊಳ್ಳುವವರೂ ಇದ್ದಾರೆ. ಪಾಸ್‌ವರ್ಡ್ ಒಡೆಯುವ ಸಾಫ್ಟ್‌ವೇರ್‌ಗೆ ಊರಿನ ಹೆಸರು, ಜನರ ಹೆಸರಿನ ಪಟ್ಟಿ ಕೊಟ್ಟು, ಕೊನೆಗೆ @123 ಸೇರಿಸು ಅಂತ ಹೇಳಿದರೆ ಮುಗಿಯಿತು. ‘ಎ’ ಬದಲು @, ‘ಒ’ ಬದಲು ಸೊನ್ನೆ ಹಾಕುವ ಜಾಣತನವೂ ಅದಕ್ಕೆ ಗೊತ್ತು.

ಇಡಬೇಕಾದದ್ದು ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ. ನೀವೇ ಯೋಚಿಸಿ ಆರಿಸಬೇಡಿ, ಮನಸ್ಸು ಮತ್ತೆ ಮಗಳ ಹೆಸರಿಗೇ ಹೋಗುತ್ತದೆ. ಬಿಟ್‌ವಾರ್ಡನ್‌ನ ಜನರೇಟರ್‌ನಲ್ಲಿ ‘ಪಾಸ್‌ಫ್ರೇಸ್’ ಅನ್ನುವ ಆಯ್ಕೆ ಇದೆ, ಅದು ತಾನೇ ಪದ ಎತ್ತಿಕೊಡುತ್ತದೆ. ಆ್ಯಪ್ ಬೇಡ ಅಂದರೆ ದಾಳವೂ ಆಗುತ್ತದೆ. ಐದು ದಾಳ ಉರುಳಿಸಿ ಪದ ಆರಿಸುವ ಪಟ್ಟಿಯಲ್ಲಿ 7776 ಪದ ಇರುತ್ತವೆ. ಅದರಿಂದ ಐದು ಪದ ಎತ್ತಿದರೆ ಆಗಬಹುದಾದ ಜೋಡಣೆಗಳು 28ರ ಮುಂದೆ 18 ಸೊನ್ನೆ ಬರೆದಷ್ಟು.

ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಇಟ್ಟುಕೊಳ್ಳಬಹುದಾ? ಬಹುದು. ಬದನೆ, ಮೊಳೆ, ಗುಡುಗು, ಸಾಬೂನು, ಏಣಿ ಅನ್ನುವ ಥರ (ಇದನ್ನೇ ಇಡಬೇಡಿ ಮತ್ತೆ). ನಿಘಂಟು ತೆರೆದು ಕಣ್ಣುಮುಚ್ಚಿ ಬೆರಳಿಟ್ಟು ಆರಿಸಿ. ಒಂದು ತೊಡಕಿದೆ: ‘ಮೊಳೆ’ಗೆ ಇವತ್ತು ಒಂದು ಎಲ್, ಆರು ತಿಂಗಳ ಮೇಲೆ ಎರಡು ಎಲ್ ಹೊಡೆಯುತ್ತೀರಿ. ಸ್ಪೆಲ್ಲಿಂಗ್ ಹೇಗೆ ಬರೆದಿರಿ ಅನ್ನುವುದು ಹಾಳೆಯಲ್ಲಿ ಅಕ್ಷರ ಅಕ್ಷರವಾಗಿ ಇರಲಿ.

ಮಾಸ್ಟರ್ ಗಟ್ಟಿ ಇರಬೇಕು ಅನ್ನುವುದಕ್ಕೆ ದೊಡ್ಡ ಕಾರಣ ಇದೆ. 2022ರಲ್ಲಿ ಲಾಸ್ಟ್‌ಪಾಸ್‌ನಿಂದ ಗ್ರಾಹಕರ ಲಾಕ್ ಆದ ಪಾಸ್‌ವರ್ಡ್ ಪೆಟ್ಟಿಗೆಗಳ ಬ್ಯಾಕಪ್‌ಗಳನ್ನೇ ಕಳ್ಳರು ಎತ್ತಿಕೊಂಡು ಹೋದರು. ಆಮೇಲೆ ಅವರಿಗೂ ಒಳಗಿನ ಪಾಸ್‌ವರ್ಡ್‌ಗಳಿಗೂ ನಡುವೆ ಉಳಿದದ್ದು ಒಬ್ಬೊಬ್ಬರ ಮಾಸ್ಟರ್ ಮಾತ್ರ. ಕಳ್ಳರು ಅವಸರವಿಲ್ಲದೆ, ತಮ್ಮದೇ ಕಂಪ್ಯೂಟರ್‌ನಲ್ಲಿ, ಎಷ್ಟು ಸಲ ಬೇಕಾದರೂ ಊಹಿಸಬಹುದಿತ್ತು.

ಈಗ ಆ ಬಿಳಿ ಹಾಳೆ. ಅದರಲ್ಲಿ ಎರಡು ಪಾಸ್‌ವರ್ಡ್ ಬರೆಯಿರಿ: ಮಾಸ್ಟರ್, ಮತ್ತು ಮುಖ್ಯ ಇಮೇಲ್‌ನದು. ಎರಡನೆಯದನ್ನು ಬಹಳ ಜನ ಬಿಡುತ್ತಾರೆ. ಹೊಸ ಫೋನ್‌ನಿಂದ ಬಿಟ್‌ವಾರ್ಡನ್ ತೆರೆದರೆ, ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ, ಹಂತ 8ರಲ್ಲಿದೆ) ಹಾಕದ ಖಾತೆಗಳಿಗೆ ಅದು ಇಮೇಲ್‌ಗೆ ಒಂದು ಕೋಡ್ ಕಳಿಸುತ್ತದೆ. ಇಮೇಲ್ ಪಾಸ್‌ವರ್ಡ್ ಇರುವುದು ಬಿಟ್‌ವಾರ್ಡನ್ ಒಳಗೆ ಮಾತ್ರ ಅಂದರೆ? ಫೋನ್ ಕಳೆದ ದಿನವೇ ಎರಡೂ ಮುಚ್ಚಿಕೊಳ್ಳುತ್ತವೆ. ಬಿಟ್‌ವಾರ್ಡನ್ ಖಾತೆ ಮಾಡುವಾಗ ಸರ್ವರ್ ಅಮೆರಿಕದ್ದಾ ಯುರೋಪಿನದ್ದಾ ಅಂತ ಒಂದು ಸಣ್ಣ ಆಯ್ಕೆ ಇರುತ್ತದೆ. ಅದನ್ನೂ ಹಾಳೆಯಲ್ಲಿ ಬರೆಯಿರಿ. ಮುಂದೆ ಬೇರೆ ಸರ್ವರ್ ಆರಿಸಿಬಿಟ್ಟರೆ ಸರಿಯಾದ ಪಾಸ್‌ವರ್ಡ್‌ಗೂ ‘ತಪ್ಪು’ ಅಂತಲೇ ಬರುತ್ತದೆ. ಓಪನ್ನೇ ಆಗಲಿಲ್ಲ ಅಂದವರಲ್ಲಿ ಕೆಲವರ ಕಥೆ ಇಷ್ಟೇ.

ಹಾಳೆಯ ಫೋಟೋ ತೆಗೆಯಬೇಡಿ. ಬ್ಯಾಕಪ್ ಆನ್ ಇದ್ದರೆ ಫೋಟೋ ತಾನಾಗೇ ಗೂಗಲ್ ಫೋಟೋಸ್‌ಗೆ ಏರುತ್ತದೆ. ಮಡಚಿ, ಕವರ್‌ಗೆ ಹಾಕಿ, ಹೊಲದ ಪಹಣಿ, ಮನೆ ಪತ್ರ ಇಡುವ ಜಾಗದಲ್ಲೇ ಇಡಿ. ಮೊದಲ ಒಂದು ವಾರ ಬೆರಳಚ್ಚಿನಿಂದ ತೆರೆಯುವುದು ಬಂದ್ ಮಾಡಿ, ದಿನಕ್ಕೆ ಒಂದು ಸಲವಾದರೂ ಮಾಸ್ಟರ್ ಕೈಯಿಂದ ಹೊಡೆಯಿರಿ. ಬೆರಳಿಗೆ ರೂಢಿಯಾದ ಮೇಲೆ ಬೆರಳಚ್ಚು ಆನ್ ಮಾಡಿ.

ಹಂತ 5: ಇರುವುದನ್ನು ಒಳಗೆ ತನ್ನಿ

ಕ್ರೋಮ್‌ನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿದರೆ ಒಂದು ಸಿಎಸ್‌ವಿ ಫೈಲ್ ಸಿಗುತ್ತದೆ. ಹೊಸ ಮ್ಯಾನೇಜರ್‌ನಲ್ಲಿ ‘ಇಂಪೋರ್ಟ್’ ಒತ್ತಿ ಆ ಫೈಲ್ ಕೊಟ್ಟರೆ ಎಲ್ಲ ಬಂದುಬಿಡುತ್ತದೆ.

ಅಪಾಯ ಇರುವುದು ಆ ಫೈಲ್‌ನಲ್ಲೇ. ಅದಕ್ಕೆ ಯಾವ ಲಾಕೂ ಇಲ್ಲ. ಎಕ್ಸೆಲ್‌ನಲ್ಲಿ ತೆರೆದರೆ ಎಲ್ಲ ಪಾಸ್‌ವರ್ಡ್ ಸಾಲಾಗಿ ಕಾಣುತ್ತವೆ. ಫೋನ್‌ನಿಂದ ಲ್ಯಾಪ್‌ಟಾಪ್‌ಗೆ ತರಲು ಅದನ್ನು ವಾಟ್ಸಾಪ್‌ನಲ್ಲಿ ತಮಗೇ ಕಳಿಸಿಕೊಳ್ಳುವವರು ಇದ್ದಾರೆ, ದಯವಿಟ್ಟು ಬೇಡ. ಅದು ಚಾಟ್‌ನಲ್ಲೂ ಬ್ಯಾಕಪ್‌ನಲ್ಲೂ ಉಳಿಯುತ್ತದೆ. ಇಂಪೋರ್ಟ್ ಆದ ಕೂಡಲೇ ಫೈಲ್ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ. ಫೋನ್‌ನಲ್ಲಾದರೆ ಡೌನ್‌ಲೋಡ್ಸ್ ಮತ್ತು ಟ್ರ್ಯಾಶ್ ಎರಡೂ ನೋಡಿ.

ಆಮೇಲೆ ಫೋನ್ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಆಟೋಫಿಲ್’ ಅಂತ ಹೊಡೆದು, ಹೊಸ ಮ್ಯಾನೇಜರ್ ಆರಿಸಿ. ಇದನ್ನು ಮರೆತರೆ ಫೋನ್ ಹಳೇ ಜಾಗದಿಂದಲೇ ತುಂಬುತ್ತಾ ಇರುತ್ತದೆ. ಒಂದು ತಿಂಗಳ ಮೇಲೆ ಅರ್ಧ ಪಾಸ್‌ವರ್ಡ್ ಇಲ್ಲಿ, ಅರ್ಧ ಅಲ್ಲಿ. ಎರಡು ಮೂರು ಖಾತೆ ಹೊಸದರಿಂದ ಸರಿಯಾಗಿ ತೆರೆದವು ಅಂತ ಆದ ಮೇಲೆ ಕ್ರೋಮ್‌ನಲ್ಲಿರುವುದನ್ನು ಅಳಿಸಿ, ‘ಸೇವ್ ಮಾಡಲೇ?’ ಅಂತ ಕೇಳುವುದನ್ನೂ ಬಂದ್ ಮಾಡಿ.

ಯುಪಿಐ ಪಿನ್, ಎಟಿಎಂ ಪಿನ್ ಇದರಲ್ಲಿ ಬೇಡ. ಅವು ತಲೆಯಲ್ಲೇ ಇರಲಿ.

ಹಂತ 6: ಲೀಕ್ ಆಗಿದೆಯಾ ನೋಡಿ

ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ, ಜನ ಅವನ್ನು ಕಲಸಿಬಿಡುತ್ತಾರೆ. ನನ್ನ ಇಮೇಲ್ ಯಾವುದಾದರೂ ಕದ್ದ ಪಟ್ಟಿಯಲ್ಲಿ ಇದೆಯಾ? ನಾನು ಬಳಸುವ ಈ ಪಾಸ್‌ವರ್ಡ್ ಕಳ್ಳರ ಪಟ್ಟಿಯಲ್ಲಿ ಇದೆಯಾ? ಒಂದಕ್ಕೆ ‘ಇಲ್ಲ’ ಬಂದರೂ ಇನ್ನೊಂದಕ್ಕೆ ‘ಹೌದು’ ಬರಬಹುದು.

*ಇಮೇಲ್‌ಗೆ:* ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಿಂದ ನಡೆಸುವ ‘ಹ್ಯಾವ್ ಐ ಬೀನ್ ಪೋನ್ಡ್’ ಸೈಟ್ ಇದೆ. ವಿಳಾಸದ ಕೊನೇ ಪದ ಹೊಡೆಯುವಾಗ ಪಿ, ಡಬ್ಲ್ಯೂ, ಎನ್, ಇ, ಡಿ, ಆಮೇಲೆ ಡಾಟ್ ಕಾಮ್. ಇಮೇಲ್ ಹಾಕಿದರೆ ಯಾವ ಯಾವ ಲೀಕ್‌ನಲ್ಲಿ ಸಿಕ್ಕಿದೆ ಅಂತ ಪಟ್ಟಿ ಬರುತ್ತದೆ. ಕೆಂಪು ನೋಡಿ ಗಾಬರಿಯಾಗಬೇಡಿ. ಪ್ರತಿ ಲೀಕ್‌ನಲ್ಲೂ ಏನೇನು ಹೋಗಿದೆ ಅಂತ ಬರೆದಿರುತ್ತದೆ, ಅದನ್ನು ಓದಿ. ಬರೀ ಹೆಸರು, ಫೋನ್ ನಂಬರ್ ಅಂದರೆ ಪಾಸ್‌ವರ್ಡ್ ಬದಲಿಸಿ ಏನೂ ಆಗುವುದಿಲ್ಲ, ಮೋಸದ ಕರೆ ಜಾಸ್ತಿ ಬರಬಹುದು ಅಷ್ಟೇ. ‘ಪಾಸ್‌ವರ್ಡ್’ ಅಂತ ಇದ್ದರೆ ಆ ಸೈಟಿನದನ್ನೂ, ಅದೇ ಪಾಸ್‌ವರ್ಡ್ ಹಾಕಿರುವ ಉಳಿದ ಸೈಟ್‌ಗಳದ್ದನ್ನೂ ಗುರುತು ಹಾಕಿಕೊಳ್ಳಿ. ‘ಸ್ಟೀಲರ್ ಲಾಗ್’ ಅನ್ನುವ ಮಾತು ಕಂಡರೆ ಮಾತ್ರ ಅಲ್ಲೇ ನಿಲ್ಲಿ. ಅದರರ್ಥ ಹೋಗಿದ್ದು ಕಂಪನಿಯಿಂದಲ್ಲ, ನೀವು ಕೂತು ಲಾಗಿನ್ ಆದ ಯಾವುದೋ ಕಂಪ್ಯೂಟರ್‌ನಿಂದ. ಹಂತ 2ಕ್ಕೆ ವಾಪಸ್ ಹೋಗಿ.

ಹಳೇ ಲೀಕ್ ಅಂತ ಬಿಡಬೇಡಿ. 2017ರಲ್ಲಿ ಜೊಮ್ಯಾಟೊದಿಂದ 1.7 ಕೋಟಿ ಬಳಕೆದಾರರ ಮಾಹಿತಿ ಹೋಗಿತ್ತು. 2020ರಲ್ಲಿ ಅನ್‌ಅಕಾಡೆಮಿ, ಬಿಗ್‌ಬಾಸ್ಕೆಟ್ ಪಟ್ಟಿಗಳು ಹೊರಬಿದ್ದವು. ಕೋಚಿಂಗ್‌ಗೆ ಅಂತ ಆಗ ಇಟ್ಟ ಪಾಸ್‌ವರ್ಡೇ ಇವತ್ತು ನಿಮ್ಮ ಇನ್‌ಸ್ಟಾಗ್ರಾಂಗೂ ಇದ್ದರೆ ಅದು ಹಳೇ ಸುದ್ದಿ ಅಲ್ಲ. ಕಳ್ಳರು ಒಂದು ಕಡೆ ಸಿಕ್ಕ ಇಮೇಲ್, ಪಾಸ್‌ವರ್ಡ್ ಜೋಡಿಯನ್ನು ನೂರಾರು ಸೈಟ್‌ಗಳಲ್ಲಿ ಮೆಷಿನ್ ಹಚ್ಚಿ ನೋಡುತ್ತಾರೆ.

*ಪಾಸ್‌ವರ್ಡ್‌ಗೆ:* ಗೂಗಲ್ ಮ್ಯಾನೇಜರ್‌ನಲ್ಲಿ ‘ಪಾಸ್‌ವರ್ಡ್ ಚೆಕಪ್’ ಒತ್ತಿ. ಲೀಕ್ ಆದವು, ಒಂದೇ ಪಾಸ್‌ವರ್ಡ್ ಹಲವು ಕಡೆ ಇರುವವು, ದುರ್ಬಲವಾದವು ಅಂತ ಬೇರೆ ಬೇರೆ ತೋರಿಸುತ್ತದೆ. ಬಿಟ್‌ವಾರ್ಡನ್‌ನ ಪುಕ್ಕಟೆ ಖಾತೆಯಲ್ಲಿ ಒಂದೊಂದೇ ಪಾಸ್‌ವರ್ಡ್ ತೆರೆದು ಪಕ್ಕದ ಗುರುತು ಒತ್ತಿ ನೋಡಬೇಕು, ಎಲ್ಲ ಒಟ್ಟಿಗೆ ನೋಡುವ ವರದಿಗೆ ದುಡ್ಡು. ಕೀಪಾಸ್‌ಎಕ್ಸ್‌ಸಿಯಲ್ಲಿ ‘ಡೇಟಾಬೇಸ್ ರಿಪೋರ್ಟ್ಸ್’ ಒಳಗೆ ಇದೆ.

‘ನನ್ನ ಪಾಸ್‌ವರ್ಡನ್ನೇ ಅವರಿಗೆ ಕೊಟ್ಟ ಹಾಗಾಗಲ್ವಾ?’ ಅಂತ ಕೇಳುವವರು ಸರಿಯಾಗೇ ಕೇಳುತ್ತಿದ್ದಾರೆ. ಹ್ಯಾವ್ ಐ ಬೀನ್ ಪೋನ್ಡ್ ಪದ್ಧತಿಯಲ್ಲಿ (ಬಿಟ್‌ವಾರ್ಡನ್, ಕೀಪಾಸ್‌ಎಕ್ಸ್‌ಸಿ ಬಳಸುವುದು ಇದನ್ನೇ) ನಿಮ್ಮ ಪಾಸ್‌ವರ್ಡ್ ಫೋನ್ ಬಿಟ್ಟು ಹೋಗುವುದಿಲ್ಲ. ಫೋನ್‌ನಲ್ಲೇ ಅದನ್ನು 40 ಅಕ್ಷರದ ಗೊಂದಲದ ಸಾಲಾಗಿ ಬದಲಿಸಿ, ಮೊದಲ 5 ಅಕ್ಷರ ಮಾತ್ರ ಕಳಿಸುತ್ತಾರೆ. ಅಲ್ಲಿಂದ ಆ ಐದರಿಂದ ಶುರುವಾಗುವ ನೂರಾರು ಸಾಲು ವಾಪಸ್ ಬರುತ್ತವೆ. ನಿಮ್ಮದು ಅದರಲ್ಲಿ ಇದೆಯಾ ಅಂತ ತಾಳೆ ನೋಡುವುದು ನಿಮ್ಮ ಫೋನೇ.

ಹಾಗಂತ ‘ಪಾಸ್‌ವರ್ಡ್ ಚೆಕ್ ಮಾಡಿ’ ಅಂತ ವಾಟ್ಸಾಪ್‌ನಲ್ಲಿ ಬಂದ ಲಿಂಕ್‌ನಲ್ಲೆಲ್ಲ ಹೊಡೆಯಬೇಡಿ. ಇಮೇಲ್ ಮತ್ತು ಪಾಸ್‌ವರ್ಡ್ ಎರಡನ್ನೂ ಒಟ್ಟಿಗೆ ಕೇಳುವ ಸೈಟ್, ‘ಲೀಕ್ ಅಳಿಸಿಕೊಡುತ್ತೇವೆ, ದುಡ್ಡು ಕೊಡಿ’ ಅನ್ನುವ ಸೈಟ್, ಒಟಿಪಿ ಕೇಳುವ ಸೈಟ್ ಮೂರೂ ಮೋಸ. ಲೀಕ್ ಆದದ್ದನ್ನು ಯಾರೂ ಅಳಿಸಿಕೊಡಲಾರರು.

ಹಂತ 7: ಬದಲಿಸುವ ಸಾಲು

ಮುಖ್ಯ ಇಮೇಲ್ ಮೊದಲು. ಉಳಿದ ಎಲ್ಲ ಖಾತೆಯ ‘ಫರ್ಗಾಟ್’ ಕೊಂಡಿ ಬಂದು ಬೀಳುವುದು ಅಲ್ಲಿಗೇ. ಬದಲಿಸಿದ ಕೂಡಲೇ ಹಾಳೆಯಲ್ಲಿರುವುದನ್ನೂ ತಿದ್ದಿ.

ಆಮೇಲೆ ನೆಟ್ ಬ್ಯಾಂಕಿಂಗ್, ಡಿಮ್ಯಾಟ್. ಆಮೇಲೆ ಆದಾಯ ತೆರಿಗೆ, ಜಿಎಸ್‌ಟಿ, ಪಿಎಫ್, ಡಿಜಿಲಾಕರ್. ಆಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ. ಕಾರ್ಡ್ ಸೇವ್ ಮಾಡಿರುವ ಶಾಪಿಂಗ್ ಸೈಟ್ ಅದರ ನಂತರ. ಉಳಿದವನ್ನು ಲಾಗಿನ್ ಆದಾಗ ಆದಾಗ ಬದಲಿಸುತ್ತಾ ಹೋಗಿ. ಬಳಸದ ಖಾತೆ ಇದ್ದರೆ ಪಾಸ್‌ವರ್ಡ್ ಬದಲಿಸುವುದಕ್ಕಿಂತ ಖಾತೆಯನ್ನೇ ಅಳಿಸುವುದು ಲೇಸು.

ಪ್ರತಿ ಖಾತೆಗೂ ಇದೇ ಕ್ರಮ: ಮ್ಯಾನೇಜರ್‌ನಲ್ಲಿ ಹೊಸ ಪಾಸ್‌ವರ್ಡ್ ಹುಟ್ಟಿಸಿ, ಮೊದಲು ಅಲ್ಲೇ ಸೇವ್ ಮಾಡಿ, ಆಮೇಲೆ ಸೈಟ್‌ನಲ್ಲಿ ಹಾಕಿ. ಉಲ್ಟಾ ಮಾಡಿದರೆ ನಡುವೆ ಕರೆಂಟೋ ನೆಟ್ಟೋ ಹೋದಾಗ ಹೊಸ ಪಾಸ್‌ವರ್ಡ್ ಎಲ್ಲೂ ಉಳಿಯುವುದಿಲ್ಲ. ಕೆಲವು ಸೈಟ್‌ಗಳು ಉದ್ದದ ಪಾಸ್‌ವರ್ಡ್ ತೆಗೆದುಕೊಳ್ಳುವುದಿಲ್ಲ, ಕೆಲವು ಚಿಹ್ನೆ ಬೇಡ ಅನ್ನುತ್ತವೆ. ಜನರೇಟರ್‌ನಲ್ಲಿ ಉದ್ದ ಇಳಿಸಿ, ಆ ಚಿಹ್ನೆ ತೆಗೆದು ಇನ್ನೊಂದು ಹುಟ್ಟಿಸಿ. ಬೇಜಾರಾಗಿ ಮತ್ತೆ @123ಗೆ ಇಳಿಯಬೇಡಿ.

ಬದಲಿಸಿದ ಮೇಲೆ ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಒತ್ತಿ. ಇದನ್ನು ಬಿಟ್ಟರೆ ಕಳ್ಳ ಮನೆಯೊಳಗೆ ಇರುವಾಗಲೇ ಹೊರಗಿನ ಬೀಗ ಬದಲಿಸಿದ ಹಾಗೆ. ಜಿಮೇಲ್‌ನಲ್ಲಿ ಇನ್ನೊಂದು ಮೂಲೆ ನೋಡಿ: ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡೂ ಓದಿ. ನಿಮಗೆ ಗೊತ್ತಿಲ್ಲದ ವಿಳಾಸಕ್ಕೆ ಮೇಲ್ ಹೋಗುತ್ತಿದ್ದರೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ನಿಮ್ಮ ಮೇಲ್ ಅವರು ಓದುತ್ತಲೇ ಇರುತ್ತಾರೆ.

ಮೂರು ತಿಂಗಳಿಗೊಮ್ಮೆ ಎಲ್ಲ ಬದಲಿಸಬೇಕು ಅನ್ನುವುದು ಹಳೇ ಮಾತು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಅದು ಬೇಡ ಅಂದಿದೆ. ಲೀಕ್ ಆದಾಗ ಬದಲಿಸಿ, ಸಾಕು. ಪೋರ್ಟಲ್‌ನವರೇ ಒತ್ತಾಯ ಮಾಡಿದರೆ ಮಾತ್ರ ಬೇರೆ ದಾರಿ ಇಲ್ಲ.

ಹಂತ 8: ಎರಡು ಹಂತದ ಲಾಗಿನ್

ಇಮೇಲ್‌ಗೆ, ಮ್ಯಾನೇಜರ್‌ಗೆ ಇದು ಬೇಕೇ ಬೇಕು. ಸಾಧ್ಯವಾದಲ್ಲಿ ಎಸ್‌ಎಂಎಸ್ ಬದಲು, ಫೋನ್‌ನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಇಡಿ. ನಿಮ್ಮ ಹೆಸರಲ್ಲಿ ಬೇರೆಯವರು ಡುಪ್ಲಿಕೇಟ್ ಸಿಮ್ ತೆಗೆದರೆ ಎಸ್‌ಎಂಎಸ್ ಅವರಿಗೆ ಹೋಗುತ್ತದೆ. ಗೂಗಲ್ 8 ಅಂಕಿಯ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಅವನ್ನು ಅದೇ ಹಾಳೆಯ ಹಿಂದೆ ಬರೆಯಿರಿ. ಬಿಟ್‌ವಾರ್ಡನ್‌ನ ರಿಕವರಿ ಕೋಡ್ ಕೂಡ. ಕೋಡ್ ಬರೆದುಕೊಳ್ಳದೆ ಆನ್ ಮಾಡಬೇಡಿ. ಫೋನ್ ಹೋದರೆ ನೀವೂ ಹೊರಗೆ. ವಾಟ್ಸಾಪ್‌ಗೂ ಆರು ಅಂಕಿಯ ಪಿನ್ ಇಡಲು ಬರುತ್ತದೆ, ಸೆಟ್ಟಿಂಗ್ಸ್‌ನ ಅಕೌಂಟ್ ಒಳಗೆ ನೋಡಿ.

ಅಂಗಡಿ, ಯೂನಿಟ್‌ಗಳಲ್ಲಿ ಹಂಚಿಕೊಳ್ಳುವ ಲಾಗಿನ್

ಬಳ್ಳಾರಿಯ ಜೀನ್ಸ್ ಯೂನಿಟ್ ಇರಲಿ, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ ಇರಲಿ, ಜಿಎಸ್‌ಟಿ ಪಾಸ್‌ವರ್ಡ್ ಸಾಮಾನ್ಯವಾಗಿ ಮೂರು ಕಡೆ ಇರುತ್ತದೆ: ಮಾಲೀಕರ ಡೈರಿ, ಗುಮಾಸ್ತರ ವಾಟ್ಸಾಪ್, ಆಡಿಟರ್ ಆಫೀಸಿನ ಎಕ್ಸೆಲ್ ಶೀಟ್. ಹೊಸ ಪಾಸ್‌ವರ್ಡನ್ನು ಮತ್ತೆ ವಾಟ್ಸಾಪ್‌ನಲ್ಲಿ ಕಳಿಸಿದರೆ ಇಷ್ಟು ಹೊತ್ತು ಮಾಡಿದ್ದು ವ್ಯರ್ಥ. ಬಿಟ್‌ವಾರ್ಡನ್‌ನಲ್ಲಿ ಇಬ್ಬರು ಸೇರಿ ಹಂಚಿಕೊಳ್ಳುವ ಪುಕ್ಕಟೆ ವ್ಯವಸ್ಥೆ ಇದೆ. ಅದರಲ್ಲಿ ಜಿಎಸ್‌ಟಿಯಂಥ ಒಂದೆರಡು ಮಾತ್ರ ಹಂಚಿ, ನಿಮ್ಮ ಸ್ವಂತದ್ದು ನಿಮ್ಮಲ್ಲೇ ಉಳಿಯುತ್ತದೆ. ಗುಮಾಸ್ತರು ಕೆಲಸ ಬಿಟ್ಟ ದಿನವೇ ಬದಲಿಸಿ. ನಂಬಿಕೆ ಇಲ್ಲ ಅಂತಲ್ಲ, ಅವರ ಹಳೇ ಫೋನ್ ನಾಳೆ ಯಾರ ಕೈಗೆ ಹೋಗುತ್ತದೋ.

ಇವು ಕಂಡರೆ ಕೈಲಿದ್ದ ಕೆಲಸ ಬಿಡಿ

ಕೇಳದೇ ಒಟಿಪಿ ಬಂತು ಅಂದರೆ ಯಾರ ಹತ್ತಿರವೋ ನಿಮ್ಮ ಪಾಸ್‌ವರ್ಡ್ ಇರಬಹುದು. ಒಟಿಪಿ ಯಾರಿಗೂ ಹೇಳದೆ, ಆ ಖಾತೆಯನ್ನು ನೀವೇ ತೆರೆದು ಪಾಸ್‌ವರ್ಡ್ ಬದಲಿಸಿ. ಸುತ್ತಲಿನವರಿಗೆ ಸಿಗ್ನಲ್ ಇದ್ದು ನಿಮ್ಮ ಸಿಮ್‌ಗೆ ಮಾತ್ರ ಗಂಟೆಗಟ್ಟಲೆ ಇಲ್ಲ ಅಂದರೆ ಬೇರೆ ಫೋನ್‌ನಿಂದ ಸಿಮ್ ಕಂಪನಿಗೂ ಬ್ಯಾಂಕಿಗೂ ಕರೆ ಮಾಡಿ.

ಇನ್ನೊಂದು ಸೂಚನೆಯನ್ನು ಬಹಳ ಜನ ಗಮನಿಸುವುದಿಲ್ಲ. ದಿನಾ ತಾನೇ ಪಾಸ್‌ವರ್ಡ್ ತುಂಬುವ ಮ್ಯಾನೇಜರ್ ಇವತ್ತು ಸುಮ್ಮನಿದೆ ಅಂದರೆ ಸೈಟ್ ನಕಲಿ ಇರಬಹುದು. ಕಣ್ಣಿಗೆ ಒಂದೇ ಥರ ಕಂಡರೂ ವಿಳಾಸ ಬೇರೆ ಇದ್ದರೆ ಅದು ತುಂಬುವುದಿಲ್ಲ. ಆಗ ಕಾಪಿ ಮಾಡಿ ಅಂಟಿಸಲು ಹೋಗಬೇಡಿ, ಮೇಲಿನ ವಿಳಾಸ ಅಕ್ಷರ ಅಕ್ಷರ ಓದಿ. ಕೆಲವು ಬ್ಯಾಂಕ್ ಆ್ಯಪ್‌ಗಳು ತುಂಬುವುದನ್ನು ತಾವೇ ತಡೆಯುತ್ತವೆ, ಅದು ಬೇರೆ.

ದುಡ್ಡು ಹೋಗಿದ್ದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ನಂತರ ಬ್ಯಾಂಕಿಗೆ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು, ಆಮೇಲೆ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ. ಬೆಳಗಾಗಲಿ ಅಂತ ಕಾಯಬೇಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮುಂಚೆ ತಡೆಯಬೇಕು. ವಹಿವಾಟಿನ ನಂಬರ್, ಸಮಯ, ಮೆಸೇಜ್ ಅಳಿಸದೆ ಇಟ್ಟುಕೊಳ್ಳಿ.

ಹಂತ 9: ಹಳೇ ಫೋನ್ ಮಾರುವ ಮುಂಚೆ

ಎಕ್ಸ್‌ಚೇಂಜ್‌ಗೆ ಕೊಡುವಾಗ ಈ ಸಾಲು ತಪ್ಪಿಸಬೇಡಿ. ಹೊಸ ಫೋನ್‌ನಲ್ಲಿ ಮ್ಯಾನೇಜರ್ ಹಾಕಿ, ಹಾಳೆ ನೋಡಿ ಮಾಸ್ಟರ್ ಹೊಡೆದು ತೆರೆಯಿರಿ. ಅಥೆಂಟಿಕೇಟರ್ ಕೋಡ್‌ಗಳನ್ನು ಹೊಸದಕ್ಕೆ ವರ್ಗಾಯಿಸಿ. ಮ್ಯಾನೇಜರ್ ಮತ್ತು ಇಮೇಲ್ ಎರಡೂ ಹಳೇ ಫೋನ್‌ನ ಸಹಾಯ ಇಲ್ಲದೆ ತೆರೆಯುತ್ತವೆ ಅನ್ನುವುದನ್ನು ನೋಡಿ. ಆಮೇಲೆಯೇ ಹಳೆಯದರಿಂದ ಗೂಗಲ್ ಖಾತೆ ತೆಗೆದು ರೀಸೆಟ್ ಮಾಡಿ. ಅಂಗಡಿಯವರು ‘ನಾವೇ ರೀಸೆಟ್ ಮಾಡ್ಕೊತೀವಿ ಬಿಡ್ರಿ’ ಅಂದರೂ ಒಪ್ಪಬೇಡಿ, ಕೌಂಟರ್ ಮುಂದೆ ನಿಂತು ನೀವೇ ಮಾಡಿ ಕೊಡಿ.